ಗೆಳತಿಯ ಎರಡು ಖಾತೆಗಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ನೀವು ಹೇಗೂ ಅನ್ನುವವರೇ, ಅದಕ್ಕಿಂತ ನಾನೇ ಅಂದುಕೊಂಡರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ. ಪಕ್ಕದ ಮನೆಯ ಒಗ್ಗರಣೆ ನಮ್ಮ ಮನೆಯದಕ್ಕಿಂತ ಘಮ್ಮೆಂದರೂ ಆ ದಿನ ನನಗೆ ಊಟ ಸೇರುವುದಿಲ್ಲ. "ಹೊಟ್ಟೇಲಿ ಒಲೆ ಇಟ್ಕಂಡೇ ಹುಟ್ಟಿದೀಯ ಕಣೇ ನೀನು" ಎಂದು ನಮ್ಮವ್ವ ಬೈಯುತ್ತಿದ್ದಳು. ಆದರೆ ಇಂಥ ಸಣ್ಣಪುಟ್ಟ ಉರಿಗಳನ್ನು ಬಿಟ್ಟರೆ, ವರ್ಷಗಟ್ಟಲೆ ನಾನು ಉರಿದುಕೊಂಡದ್ದು ಒಬ್ಬಳನ್ನು ನೋಡಿ ಮಾತ್ರ. ಅವಳು ನನ್ನ ಗೆಳತಿ.

ತೊಂಬತ್ತರ ದಶಕದ ಶುರುವಿನಲ್ಲಿ ಆಲೂರಿನಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಗೊಬ್ಬರದಂಗಡಿಯ ಮೇಲಿನ ಕೋಣೆ. ಆರು ಮೆಷಿನ್ನು, ಅದರಲ್ಲಿ ನಾಲ್ಕು ಮಾತ್ರ ನೆಟ್ಟಗಿದ್ದವು. ನಾನು ಮಗ್ಗೆಯಿಂದ ಹೋಗುತ್ತಿದ್ದೆ. ನಮ್ಮದು ದಿನಸಿ ಅಂಗಡಿಯ ಮನೆ, ಹಣೆಗೆ ವಿಭೂತಿ ಹಚ್ಚದೆ ಅಪ್ಪ ತಕ್ಕಡಿ ಮುಟ್ಟುತ್ತಿರಲಿಲ್ಲ. ಅವಳು ಕುಂದೂರು ಕಡೆಯ ಬೇಸಾಯದ ಮನೆಯವಳು. ಬೆಳಿಗ್ಗೆ ಗದ್ದೆಯಲ್ಲಿ ಒಂದಿಷ್ಟು ಕೆಲಸ ಮಾಡಿಯೇ ಬಸ್ಸು ಹತ್ತುತ್ತಿದ್ದಳು, ಉಗುರಿನ ಸಂದಿಯಲ್ಲಿ ಕೆಸರು ಹಾಗೇ ಇರುತ್ತಿತ್ತು. ಆ ಕೆಸರು ಬೆರಳಿನಲ್ಲೇ ಮೂರು ತಿಂಗಳಿಗೆ ಕೀಲಿ ನೋಡದೆ ಟೈಪ್ ಮಾಡಲು ಕಲಿತುಬಿಟ್ಟಳು. ನಾನು ಆರು ತಿಂಗಳಾದರೂ ಕಳ್ಳಗಣ್ಣಿನಲ್ಲಿ ಕೆಳಗೆ ನೋಡುತ್ತಿದ್ದೆ. ಮೇಷ್ಟ್ರು ಎಲ್ಲರೆದುರು, "ಆ ಹುಡುಗೀನ ನೋಡಿ ಕಲೀರಿ" ಎಂದರು. ನಾನು ನೋಡಿದೆ. ಕಲಿಯಲಿಲ್ಲ, ಉರಿದುಕೊಂಡೆ.

ಪರೀಕ್ಷೆಯಲ್ಲಿ ಅವಳು ಫಸ್ಟ್ ಕ್ಲಾಸು, ನಾನು ಸೆಕೆಂಡ್ ಕ್ಲಾಸು. ಅದೇ ವರ್ಷ ಇಬ್ಬರಿಗೂ ಒಂದೇ ಕಾಫಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಂಪನಿಗೆ ಸಕಲೇಶಪುರದ ಸುತ್ತ ಎಂಟು ಎಸ್ಟೇಟ್‌ಗಳಿದ್ದವು, ಎಲ್ಲಕ್ಕೂ ಸೇರಿ ಪೇಟೆಯಲ್ಲಿ ಒಂದು ಗ್ರೂಪ್ ಆಫೀಸು. ನನ್ನನ್ನು ಆಫೀಸಿಗೆ ಟೈಪಿಸ್ಟ್ ಮಾಡಿದರು. ಅವಳನ್ನು ಬಿಸಿಲೆ ಕಡೆಯ ಎಸ್ಟೇಟಿಗೆ ಹಾಕಿದರು, ರೈಟರಿಗೆ ಸಹಾಯಕಿಯಾಗಿ. ರೈಟರ್ ಎಂದರೆ ಎಸ್ಟೇಟಿನ ಲೆಕ್ಕಪತ್ರ, ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ ಎಲ್ಲ ಬರೆದಿಡುವವರು. ನನಗೆ ಪೇಟೆ, ಅವಳಿಗೆ ಕಾಡು. ನಾನು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ಐದು ವರ್ಷ ಬಾಳಿತು. ಹಳೆಯ ರೈಟರ್ ನಿವೃತ್ತನಾದ ಮೇಲೆ ಅವಳನ್ನೇ ರೈಟರ್ ಮಾಡಿಬಿಟ್ಟರು. ಎಂಟು ಎಸ್ಟೇಟಿನಲ್ಲಿ ಮೊದಲ ಹೆಂಗಸು ರೈಟರು. ನಾನಿನ್ನೂ ಟೈಪಿಸ್ಟೇ ಆಗಿದ್ದೆ.

ಸಂತೆಯ ದಿನ ಎಸ್ಟೇಟಿನ ಜೀಪು ಪೇಟೆಗೆ ಬರುತ್ತಿತ್ತು. ಅದರಲ್ಲಿ ಅವಳೂ ಬಂದು ಆಫೀಸಿಗೆ ಕಾಗದಪತ್ರ ಕೊಟ್ಟು, ನನ್ನ ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದಳು. ಬರಿಗೈಲಿ ಬಂದದ್ದೇ ಇಲ್ಲ. ಕಿತ್ತಳೆ, ಕಾಳುಮೆಣಸು, ಮಳೆಗಾಲದಲ್ಲಿ ಎಳೆ ಬಿದಿರಿನ ಕಳಲೆ ತರುತ್ತಿದ್ದಳು. ತಂದದ್ದನ್ನೆಲ್ಲ ನಾನು ಚೆನ್ನಾಗಿ ತಿಂದೆ. ತಿನ್ನುತ್ತಲೇ, ಇವಳಿಗೆ ಇದೆಲ್ಲ ಬಿಟ್ಟಿ ಸಿಗುತ್ತದಲ್ಲ ಎಂದುಕೊಳ್ಳುತ್ತಿದ್ದೆ. ಅವಳು ನಕ್ಕರೆ ಆಫೀಸಿನವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ನಾನು ನಕ್ಕರೆ, ಏನಾಯ್ತು ಎಂದು ಕೇಳುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವಳಿಗಿಂತ ಮುಂದಿದ್ದೆ. ಆಫೀಸಿಗೆ ಕಂಪ್ಯೂಟರ್ ಬಂದಾಗ ಅದನ್ನು ಮೊದಲು ಮುಟ್ಟಿದವಳು ನಾನು. ಹಾಸನಕ್ಕೆ ಹೋಗಿ ಒಂದು ತಿಂಗಳು ಕಲಿತು ಬಂದೆ. ಸಾಹೇಬರುಗಳಿಗೆ ಮೇಲ್ ತೆರೆದು ಕೊಡುವವಳೂ ನಾನೇ, ಪ್ರಿಂಟರಿನ ಹೊಟ್ಟೆಯಿಂದ ಸಿಕ್ಕ ಕಾಗದ ಎಳೆಯುವವಳೂ ನಾನೇ. ಎಸ್ಟೇಟ್‌ಗಳಿಗೆ ಕಂಪ್ಯೂಟರ್ ಹೋದದ್ದು ಎಷ್ಟೋ ವರ್ಷದ ನಂತರ. ಹೋದಾಗ ಅವರಿಗೆಲ್ಲ ಆನ್ ಮಾಡುವುದು, ಆಫ್ ಮಾಡುವುದು ಹೇಳಿಕೊಟ್ಟವಳು ನಾನು. ಅವಳೂ ನನ್ನ ಹತ್ತಿರವೇ ಕಲಿತಳು. ಆ ವಾರ ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ನಮ್ಮ ಎಸ್ಟೇಟ್‌ಗಳಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಗೇಟು ದಾಟುವ ಯಾವ ವಸ್ತುವಿನ ಮೇಲೂ ಇಂಗ್ಲಿಷಿನಲ್ಲಿ ಬರೆಯುವುದಾದರೆ ಕ್ಯಾಪಿಟಲ್ ಅಕ್ಷರದಲ್ಲೇ ಬರೆಯಬೇಕು. ಕಾಫಿ ಮೂಟೆಯ ಮೇಲೆ ತಗಡಿನ ಅಚ್ಚಿಟ್ಟು ಬಣ್ಣ ಬಳಿಯುತ್ತಾರಲ್ಲ, ಆ ಅಚ್ಚಿನಲ್ಲಿ ಇದ್ದದ್ದು ಕ್ಯಾಪಿಟಲ್ ಅಕ್ಷರ ಮಾತ್ರ. ಮೂಟೆ ಇಳಿಸಿಕೊಳ್ಳುವ ಹಮಾಲರು ಗುರುತು ಹಿಡಿಯುತ್ತಿದ್ದದ್ದೂ ಅದನ್ನೇ. ಯಾವ ಕಾಲದ ಮ್ಯಾನೇಜರೋ ಮೂಟೆಗೆ ಮಾಡಿದ ನಿಯಮ ಚೀಟಿಗೆ ಬಂತು, ಚೀಟಿಯಿಂದ ಹಾಜರಿ ಪುಸ್ತಕಕ್ಕೆ ಬಂತು. ಕಡೆಗೆ ರೈಟರುಗಳು ತಮ್ಮ ಹೆಸರನ್ನೂ ಹಾಗೇ ಬರೆಯತೊಡಗಿದರು. ಪೇಟೆಯ ಆಫೀಸಿನಲ್ಲಿ ಕೂತ ನಮಗೆ ಆ ಅಭ್ಯಾಸವಿರಲಿಲ್ಲ. ಎಸ್ಟೇಟಿನ ಕಾಗದ ಬಂದರೆ, ಎಲ್ಲರೂ ಯಾಕೆ ಕೂಗ್ತಾ ಇದಾರೆ ಎಂದು ನಗುತ್ತಿದ್ದೆವು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಬೆಂಗಳೂರಿನ ಹೆಡ್ ಆಫೀಸಿನವರಿಗೆ ಒಂದು ಹುಕಿ ಬಂತು. ಹಾಜರಿ, ಕುಯ್ಲಿನ ತೂಕ ಎಲ್ಲವನ್ನೂ ಅಂದಂದೇ ನೆಟ್‌ನಲ್ಲಿ ತುಂಬಬೇಕು. ಆ ಸಾಫ್ಟ್‌ವೇರ್ ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಎಲ್ಲೋ ದೂರದಲ್ಲಿರುತ್ತದೆ, ನಾವು ನೆಟ್‌ನಲ್ಲಿ ಹೋಗಿ ಅದರ ಬಾಗಿಲು ತಟ್ಟಬೇಕು. ಈಗ ಕ್ಲೌಡ್ ಎಂದು ಹೇಳುತ್ತಾರೆ, ಆಗ ಆ ಮಾತು ನಮ್ಮ ಗುಡ್ಡ ಹತ್ತಿರಲಿಲ್ಲ. ಹೆಡ್ ಆಫೀಸಿನಲ್ಲಿ ಮೊದಲೇ ಡೈರೆಕ್ಟರಿ ಎಂದು ಒಂದಿತ್ತು, ಕಂಪನಿಯಲ್ಲಿ ಕಂಪ್ಯೂಟರ್ ಮುಟ್ಟುವವರೆಲ್ಲರ ಹೆಸರು, ಪಾಸ್‌ವರ್ಡ್ ಇರುವ ಪಟ್ಟಿ. ಆ ಪಟ್ಟಿಯನ್ನೂ ಈ ಹೊಸ ಸಾಫ್ಟ್‌ವೇರನ್ನೂ ಜೋಡಿಸಿದರು. ನಾವು ಹೆಸರು ಹಾಕಿದರೆ ಸಾಫ್ಟ್‌ವೇರ್ ಹೋಗಿ ಡೈರೆಕ್ಟರಿಯನ್ನು ಕೇಳುತ್ತದೆ, ಇವರು ನಮ್ಮವರೇನಾ ಎಂದು. ಹೌದು ಎಂದರೆ ಒಳಗೆ ಬಿಡುತ್ತದೆ. ನಮ್ಮ ಎಂಟು ಎಸ್ಟೇಟಿನ ರೈಟರುಗಳ ಹೆಸರು, ಜೊತೆಗೆ ನನ್ನದು, ಟೈಪ್ ಮಾಡಿ ಬೆಂಗಳೂರಿಗೆ ಕಳಿಸಿದವಳು ನಾನು. ನನ್ನ ರೂಢಿಯಂತೆ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಕಳಿಸಿದೆ. ಅದರಲ್ಲಿ ಯಾವ ಮಸಲತ್ತೂ ಇರಲಿಲ್ಲ. ಆ ಮಟ್ಟಿಗೆ ನಂಬಿ.

ಇದನ್ನೆಲ್ಲ ತಿಳಿಸಿ ಹೆಡ್ ಆಫೀಸಿನವರು ಬರೆದಿದ್ದ ಪತ್ರದ ಕೊನೆಯಲ್ಲಿ ಇನ್ನೊಂದು ಸುದ್ದಿಯಿತ್ತು. ಈ ಕುಯ್ಲು ಮುಗಿದ ಮೇಲೆ, ಸಾಫ್ಟ್‌ವೇರನ್ನು ಚೆನ್ನಾಗಿ ನಡೆಸಿದವರೊಬ್ಬರನ್ನು ಎಂಟೂ ಎಸ್ಟೇಟಿನ ಇನ್‌ಚಾರ್ಜ್ ಮಾಡುತ್ತಾರೆ. ಕೂರುವುದು ಸಕಲೇಶಪುರದಲ್ಲಿ. ಆಫೀಸಿನ ಹಿಂದಿರುವ ಎರಡು ಕೋಣೆಯ ಕ್ವಾರ್ಟರ್ಸ್ ಅವರಿಗೆ. ನನಗೆ ಓದಿದ ಕೂಡಲೇ ತಿಳಿಯಿತು, ಇದು ನನಗೆ ಅಥವಾ ಅವಳಿಗೆ. ಮಿಕ್ಕ ಏಳು ರೈಟರುಗಳು ಮೌಸ್ ಹಿಡಿಯುತ್ತಿದ್ದದ್ದು ಇಲಿ ಹಿಡಿದಂತೆ.

ಮುಂದಿನ ಸಂತೆಗೆ ಅವಳು ಬಂದಾಗ ಮುಚ್ಚುಮರೆ ಇಲ್ಲದೆ ಹೇಳಿಕೊಂಡಳು.

"ಆ ಕೆಲ್ಸ ನಂಗೆ ಸಿಕ್ಬುಟ್ರೆ ಸಾಕು ಕಣೇ. ಮಗಳು ಬರೋ ವರ್ಷ ಎಂಟನೇ ಕ್ಲಾಸು. ನಮ್ಮ ಕಡೆ ಹೈಸ್ಕೂಲ್ ಎಲ್ಲೈತೆ? ಹೆತ್ತೂರಿಗೆ ಕಳ್ಸನ ಅಂದ್ರೆ ಬಸ್ಸಿಲ್ಲ, ದಾರೀಲಿ ಆನೆ ಕಾಟ. ಇಲ್ಲಿ ಕ್ವಾಟ್ರಸ್ ಸಿಕ್ರೆ ನನ್ ಜೊತೇಲೇ ಇಟ್ಕಂಡು ಓದಿಸ್ಬೋದು. ಇಲ್ದಿದ್ರೆ ಹಾಸನದ ಹಾಸ್ಟೆಲ್ಲೇ ಗತಿ."

"ನಿಮ್ಮ ಯಜಮಾನ್ರು?"

"ಅವರು ಕಂಪನಿ ಲಾರಿ ಮೇಲೆ ಮಂಗಳೂರಿಗೆ ಹೋದ್ರೆ ವಾರಕ್ಕೊಂದ್ಸಲ ಬರೋದು. ಅವರಿಗೆ ಮನೆ ಎಲ್ಲಿದ್ರೂ ಒಂದೇ. ಈ ಹುಡುಗೀದೇ ನಂಗೆ ಯೋಚ್ನೆ. ನನ್ನ ಬಿಟ್ಟು ಒಂದಿನ ಮಲಗಿಲ್ಲ ಕಣೇ ಅದು."

ನನಗೂ ಅದು ಬೇಕು ಎಂದು ನಾನು ಹೇಳಲಿಲ್ಲ. ಹದಿನೈದು ವರ್ಷ ಅದೇ ಕುರ್ಚಿಯಲ್ಲಿ ಕೂತು ಟೈಪಿಸ್ಟ್ ಎಂದೇ ಕರೆಸಿಕೊಂಡವಳಿಗೆ ಬೇಡದೆ ಇರುತ್ತದೆಯೇ? "ನಿಂಗೇ ಸಿಗ್ತದೆ ಬಿಡು" ಎಂದೆ. ಅವಳು ನನ್ನ ಕೈ ಹಿಡಿದು ಒತ್ತಿದಳು.

ನವೆಂಬರಿನಲ್ಲಿ ಕುಯ್ಲು ಶುರುವಾಯಿತು. ಸಾಫ್ಟ್‌ವೇರೂ ಶುರುವಾಯಿತು. ಎರಡನೆಯ ವಾರ ನನಗೊಂದು ಫಜೀತಿ ಆಯಿತು. ಆಫೀಸಿನಲ್ಲಿ ಯಾರದೋ ವಿಳಾಸವನ್ನು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಲು ಕ್ಯಾಪ್ಸ್ ಲಾಕ್ ಒತ್ತಿದ್ದವಳು ಅದನ್ನು ಬಿಡಿಸಲು ಮರೆತು, ಹಾಗೇ ಹೆಸರು ಹಾಕಿ ಸಾಫ್ಟ್‌ವೇರಿನ ಒಳಗೆ ಹೋದೆ. ಪುಟ ಖಾಲಿ. ಆಫೀಸಿನ ಪರವಾಗಿ ನಾನು ತುಂಬಿದ್ದು ಒಂದೂ ಇಲ್ಲ. ಹೊಸಬರಿಗೆ ಹೇಳುವ ಸ್ವಾಗತದ ಮಾತು ಮಾತ್ರ ಇತ್ತು. ಎಲ್ಲ ಅಳಿಸಿಹೋಯಿತು ಎಂದುಕೊಂಡೆ. ಹೊರಗೆ ಬಂದು ಮತ್ತೆ ಸಣ್ಣ ಅಕ್ಷರದಲ್ಲಿ ಹೆಸರು ಹಾಕಿದೆ, ಎಲ್ಲ ಇದ್ದಲ್ಲೇ ಇತ್ತು. ಆಗ ಅರ್ಥವಾಯಿತು. ಡೈರೆಕ್ಟರಿಗೆ ಕ್ಯಾಪಿಟಲ್ಲೂ ಒಂದೇ, ಸಣ್ಣದೂ ಒಂದೇ. ಅದು ನಮ್ಮೂರ ಪೋಸ್ಟ್‌ಮ್ಯಾನ್ ಇದ್ದಂತೆ, ಹೆಸರು ಹೇಗೆ ಬರೆದಿದ್ದರೂ ಮನೆ ಗೊತ್ತು. ಹೊಸ ಸಾಫ್ಟ್‌ವೇರ್ ಹಾಗಲ್ಲ. ಅಕ್ಷರ ಅಕ್ಷರ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ, ಡೈರೆಕ್ಟರಿ ನಮ್ಮವರೇ ಎಂದು ಹೇಳಿದ ಮೇಲೆ, ಯಾರೋ ಹೊಸಬರು ಬಂದರೆಂದುಕೊಂಡು ತಾನೇ ಇನ್ನೊಂದು ಖಾತೆ ತೆರೆದು ಕೂರಿಸುತ್ತದೆ. ಪಾಸ್‌ವರ್ಡ್‌ಗೆ ನಾವು ಬರೀ ಅಂಕಿಗಳನ್ನೇ ಇಟ್ಟಿದ್ದರಿಂದ ಅದೂ ಅಡ್ಡಿ ಮಾಡುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ತಪ್ಪು ನನ್ನ ಬೆರಳಿನದು, ಮರೆತುಬಿಟ್ಟೆ.

ಡಿಸೆಂಬರ್ ಹೊತ್ತಿಗೆ ಹೆಡ್ ಆಫೀಸಿನಿಂದ ಫೋನುಗಳು ಬರತೊಡಗಿದವು. ಬಿಸಿಲೆ ಕಡೆಯ ಎಸ್ಟೇಟಿನ ಪುಟ ಪೂರ್ತಿ ಖಾಲಿ, ಒಂದು ದಿನದ ಹಾಜರಿಯೂ ಇಲ್ಲ. ಮಿಕ್ಕ ಏಳು ಎಸ್ಟೇಟಿನವರು ತಪ್ಪೋ ಒಪ್ಪೋ ತುಂಬಿದ್ದರು. ಅವರಿಗೆ ಕಂಪ್ಯೂಟರ್ ಎಂದರೆ ಭಯ, ನಾನು ಚೀಟಿಯಲ್ಲಿ ಹೇಗೆ ಬರೆದು ಕೊಟ್ಟಿದ್ದೆನೋ ಹಾಗೇ ಒಂದೊಂದಕ್ಷರ ನೋಡಿ ಒತ್ತುತ್ತಿದ್ದರು. ಅವಳಿಗೆ ಚೀಟಿ ಬೇಕಿರಲಿಲ್ಲ. ಅವಳು ಕೀಲಿ ನೋಡದೆ ಟೈಪ್ ಮಾಡುವವಳು.

"ದಿನಾ ಹಾಕ್ತಾ ಇದೀನಿ ಸಾರ್," ಎಂದು ಅವಳು ಫೋನಿನಲ್ಲಿ ಹೇಳಿದಳಂತೆ. ಹೆಡ್ ಆಫೀಸಿನವರು ಇಲ್ಲ ಎಂದರು. ಅವಳ ಎಸ್ಟೇಟಿನ ಮ್ಯಾನೇಜರೂ, ನಾನೇ ಸ್ಕ್ರೀನಿನಲ್ಲಿ ನೋಡಿದೀನಿ ಎಂದರು. ಹಾಗಾದರೆ ಅಲ್ಲೇ ಉಳಿದಿದೆ, ಕಳಿಸುವ ಬಟನ್ ಒತ್ತಿಲ್ಲ ಎಂದರು ಹೆಡ್ ಆಫೀಸಿನವರು. ಎರಡು ಸಲ ಸಾಫ್ಟ್‌ವೇರಿನ ಮೂಲಕ ಎಚ್ಚರಿಕೆ ಕಳಿಸಿದೆವು, ಆಯಮ್ಮ ತೆರೆದೂ ನೋಡಿಲ್ಲ ಎಂದು ದೂರಿದರು. ಕೊನೆಗೆ ನನಗೆ ಹೇಳಿದರು, ನೀವೇ ಒಂದ್ಸಲ ಹೋಗಿ ನೋಡಿ ಬನ್ನಿ.

ಜೀಪಿನಲ್ಲಿ ಹೋದೆ. ಬಿಸಿಲೆ ದಾರಿಯಲ್ಲಿ ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬಂತು. ಅವಳ ಆಫೀಸು ಕಾಫಿ ಸ್ಟೋರಿನ ಮೂಲೆಯ ಕೋಣೆ, ಕಿಟಕಿಯಾಚೆ ಕಣದಲ್ಲಿ ಹಣ್ಣು ಹರವಿದ್ದರು. ಅವಳು ಕುರ್ಚಿ ಎಳೆದು ಕೂರಿಸಿದಳು.

"ನೀನೇ ನೋಡು ಮಾರಾಯ್ತಿ. ನಂಗೆ ತಲೆ ಕೆಟ್ಟು ಹೋಗೈತೆ."

ಅವಳು ಹೆಸರು ಹಾಕಿದಳು. ಪುಟ ತೆರೆಯಿತು. ಕುಯ್ಲಿನ ಮೊದಲ ದಿನದಿಂದ ನಿನ್ನೆಯವರೆಗೆ ಒಂದು ದಿನವೂ ಬಿಡದೆ ತುಂಬಿತ್ತು. ಯಾವ ಲೈನುಮನೆಯಿಂದ ಎಷ್ಟು ಆಳು, ತೋಟದ ಯಾವ ಪಟ್ಟಿಯಲ್ಲಿ ಎಷ್ಟು ಹಣ್ಣು, ಎಲ್ಲ ಅಚ್ಚುಕಟ್ಟು. ಪುಟದ ಮೇಲ್ತುದಿಯಲ್ಲಿ ಅವಳ ಹೆಸರು ಕ್ಯಾಪಿಟಲ್ ಅಕ್ಷರದಲ್ಲಿ ಇತ್ತು. ನಾನು ಕೀಬೋರ್ಡ್ ನೋಡಿದೆ. ಕ್ಯಾಪ್ಸ್ ಲಾಕ್ ಕೀಲಿಯ ಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಅಂಟಿಸಿದ್ದರು.

"ಇದೇನೇ ಇದು?"

"ಮೂಟೆ ಚೀಟಿ ಇದರಲ್ಲೇ ಪ್ರಿಂಟ್ ಹೊಡೆಯೋದಲ್ವಾ. ಎಲ್ಲಾ ಕ್ಯಾಪಿಟಲ್ಲೇ ಇರ್ಬೇಕು. ಸ್ಟೋರಿನವರು ಯಾರಾರ ಬಂದು ಅದನ್ನ ಒತ್ತಿ ಸಣ್ಣ ಅಕ್ಷರ ಮಾಡ್ಬುಡ್ತಾರೆ ಅಂತ ನಾನೇ ಅಂಟ್ಸಿದೀನಿ."

ಅವಳ ಮೂವತ್ತು ದಿನದ ಕೆಲಸವೆಲ್ಲ ಇಲ್ಲೇ, ಕಣ್ಣೆದುರು ಇತ್ತು. ಆದರೆ ಇದು ನಾನು ಕಳಿಸಿದ ಪಟ್ಟಿಯಲ್ಲಿನ ಖಾತೆಯಲ್ಲ, ಸಾಫ್ಟ್‌ವೇರ್ ತಾನಾಗಿ ತೆರೆದ ಇನ್ನೊಂದು ಖಾತೆ. ಯಾವ ಎಸ್ಟೇಟಿಗೂ ಸೇರದ ಖಾತೆ. ಬೆಂಗಳೂರಿನವರು ದಿನಾ ತೆರೆದು ನೋಡುತ್ತಿದ್ದದ್ದು ಸಣ್ಣ ಅಕ್ಷರದ್ದನ್ನು, ಎಚ್ಚರಿಕೆ ಕಳಿಸುತ್ತಿದ್ದದ್ದೂ ಅದಕ್ಕೇ. ಅದರೊಳಗೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ. ಆ ಪ್ಲಾಸ್ಟರ್ ಕಿತ್ತು, ಸಣ್ಣ ಅಕ್ಷರದಲ್ಲಿ ಹೆಸರು ಹಾಕು ಎಂದರೆ ಮುಗಿಯುತ್ತಿತ್ತು. ಬೆಂಗಳೂರಿಗೆ ಒಂದು ಫೋನ್ ಮಾಡಿದ್ದರೆ ಹಳೆಯದೂ ಸಿಗುತ್ತಿತ್ತು. ನಾನು ಹೇಳಲೆಂದು ಬಾಯಿ ತೆರೆದೆ. ಇದು ನಿಜ, ತೆರೆದೆ.

ಅಷ್ಟರಲ್ಲಿ ಅವಳ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತರು. "ನೋಡಿ, ಈಯಮ್ಮ ಇಲ್ಲದಿದ್ರೆ ಈ ಎಸ್ಟೇಟೇ ನಡೆಯಲ್ಲ ಕಣ್ರೀ. ಬೆಂಗಳೂರಿನವರಿಗೆ ಹೋಗಿ ಹೇಳಿ," ಎಂದರು. ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನೀವು ಗ್ರೂಪ್ ಆಫೀಸಿನ ಟೈಪಿಸ್ಟ್ ಅಲ್ವಾ?" ಎಂದು ಕೇಳಿದರು.

ತೆರೆದ ಬಾಯಿ ಮುಚ್ಚಿಕೊಂಡೆ. "ಎಲ್ಲ ಸರಿಯಾಗೇ ಇದೆ ಸಾರ್. ನೆಟ್ ನಿಧಾನ ಅಂತ ಕಾಣುತ್ತೆ, ವಿಚಾರಿಸ್ತೀನಿ," ಎಂದೆ.

ಮಧ್ಯಾಹ್ನ ಅವಳ ಮನೆಯಲ್ಲೇ ಊಟ. ಮನೆಯಲ್ಲಿ ಮೀನು, ಕೋಳಿ ಬೇಯಿಸುವವಳು, ಆದರೆ ನನಗೆಂದು ಹೊಸ ಪಾತ್ರೆಯಲ್ಲಿ ಅವರೆಕಾಳು ಸಾರು ಮಾಡಿ, ಅಕ್ಕಿರೊಟ್ಟಿ ತಟ್ಟಿದ್ದಳು. ಶನಿವಾರವಾದ್ದರಿಂದ ಆ ಹೊತ್ತಿಗೇ ಮಗಳು ಸ್ಕೂಲಿನಿಂದ ಬಂತು. ಬಂದದ್ದೇ ಚೀಲ ಎಸೆದು ಅಮ್ಮನ ಬೆನ್ನಿಗೆ ಜೋತುಬಿದ್ದು, ಇಡೀ ದಿನದ ವರದಿ ಒಪ್ಪಿಸತೊಡಗಿತು. ನನಗೂ ಇಬ್ಬರು ಗಂಡುಮಕ್ಕಳಿದ್ದಾರೆ. ಅಮ್ಮಾ ಎಂದು ಕರೆದರೆ ಊಟಕ್ಕೆ, ಇಲ್ಲದಿದ್ದರೆ ಬನಿಯನ್ ಎಲ್ಲಿ ಎಂದು ಕೇಳಲು. ಇದೂ ಇವಳಿಗೇ, ಅದೂ ಇವಳಿಗೇ, ಈಗ ನನ್ನ ಆಫೀಸಿನಲ್ಲಿ ನನ್ನ ಮೇಲೆ ಇನ್‌ಚಾರ್ಜ್ ಆಗಿ ಬಂದು ಕೂರುವುದೂ ಇವಳೇ ಎಂದು ಆ ರೊಟ್ಟಿ ತಿನ್ನುತ್ತ ಲೆಕ್ಕ ಹಾಕಿದೆ. ನಾಲ್ಕು ರೊಟ್ಟಿ ತಿಂದೆ. ಇನ್ನೊಂದು ಹಾಕಿಸಿಕೊಂಡೆ.

ಬೆಂಗಳೂರಿಗೆ ನಾನು ಕಳಿಸಿದ ವರದಿ ಎರಡು ಸಾಲಿನದು. ಕಂಪ್ಯೂಟರ್ ಸರಿಯಾಗಿದೆ, ನೆಟ್ ಸರಿಯಾಗಿದೆ, ಬಳಸುವವರ ಕಡೆಯಿಂದ ಅಭ್ಯಾಸದ ತಪ್ಪಾಗುತ್ತಿರುವಂತಿದೆ. ಒಂದಕ್ಷರವೂ ಸುಳ್ಳಿಲ್ಲ. ಮೂರು ಸಲ ಓದಿ ನೋಡಿ ಕಳಿಸಿದೆ. ಹಾಜರಿ ಪುಸ್ತಕದಲ್ಲೂ ಬರೆಯುತ್ತಿದ್ದರಿಂದ ಆಳುಗಳಿಗೇನೂ ತೊಂದರೆಯಾಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾಳೆ ಹೇಳಿದರಾಯಿತು ಎಂದೂ ಅಂದುಕೊಂಡೆ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಪ್ರತಿ ಸಂತೆಗೂ ಅವಳು ಬಂದು, "ಏನಾರ ಗೊತ್ತಾಯ್ತೇನೇ?" ಎಂದು ಕೇಳುತ್ತಿದ್ದಳು. ನಾನು, "ಅವರಿಗೇ ತಿಳೀತಾ ಇಲ್ಲ ಕಣೇ" ಎನ್ನುತ್ತಿದ್ದೆ. ಅವಳು ಸ್ವಲ್ಪ ಇಳಿದುಹೋಗಿದ್ದಳು. ಕಿತ್ತಳೆ ತರುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಮಾರ್ಚಿನಲ್ಲಿ ಆರ್ಡರ್ ಬಂತು. ಇನ್‌ಚಾರ್ಜ್ ನಾನು. ನನ್ನ ಗಂಡ ಮಗ್ಗೆಯ ಶುಂಠಿ ಹೊಲ ಬಿಟ್ಟು ಬರುವುದಿಲ್ಲ ಎಂದ. ಹಾಗಾಗಿ ಕ್ವಾರ್ಟರ್ಸಿಗೆ ಬೀಗ ಹಾಕಿಟ್ಟೆ, ನಾನು ಮೊದಲಿನಂತೆ ಬಸ್ಸಿನಲ್ಲೇ ಓಡಾಡಿದೆ. ಬಿಟ್ಟುಕೊಟ್ಟರೆ ಬೇರೆಯವರಿಗೆ ಕೊಡುತ್ತಾರೆ ಎಂದು ಬಿಟ್ಟುಕೊಡಲೂ ಇಲ್ಲ. ಅವಳು ಮೊದಲ ಸಂತೆಗೇ ಬಂದು ನನ್ನ ಬಾಯಿಗೆ ಮೈಸೂರು ಪಾಕ್ ಇಟ್ಟಳು. "ನಿಂಗೆ ಸಿಕ್ಕಿದ್ದು ಒಳ್ಳೇದಾಯ್ತು ಬಿಡು. ಬೇರೆ ಯಾರಿಗಾರ ಸಿಕ್ಕಿದ್ರೆ ಬೇಜಾರಾಗೋದು," ಎಂದಳು. ಅವಳ ಮುಖದಲ್ಲಿ ಎಲ್ಲಾದರೂ ಒಂಚೂರು ಹೊಟ್ಟೆಕಿಚ್ಚು ಕಾಣುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಜೂನಿನಲ್ಲಿ ಮಗಳನ್ನು ಹಾಸನದ ಹಾಸ್ಟೆಲ್ಲಿಗೆ ಬಿಟ್ಟು ಬಂದಳು. ಬರುವಾಗ ನಮ್ಮ ಆಫೀಸಿನಲ್ಲಿ ಇಳಿದಳು. ಕೈಯಲ್ಲಿ ಖಾಲಿ ಟ್ರಂಕು. ಹಾಸ್ಟೆಲ್ಲಿನಲ್ಲಿ ಎಲ್ಲರದೂ ಸೂಟ್‌ಕೇಸು, ಟ್ರಂಕ್ ಬೇಡ ಅಂತ ಅತ್ಲು, ಅಲ್ಲೇ ಒಂದು ಚೀಲ ಕೊಡ್ಸಿ ಬಂದೆ ಎಂದಳು. ಸ್ಟೂಲಿನ ಮೇಲೆ ಕೂತು ನೀರು ಕುಡಿದಳು. ಅವಳ ಎಸ್ಟೇಟಿನ ಅಂಕಿಅಂಶಗಳನ್ನು ವಾರಕ್ಕೊಮ್ಮೆ ಕಾಗದದಲ್ಲಿ ಬರೆದು ಕಳಿಸಲಿ, ನಾನೇ ತುಂಬುತ್ತೇನೆ ಎಂದು ಇನ್‌ಚಾರ್ಜ್ ಆದ ಮೊದಲ ದಿನವೇ ನಾನು ಏರ್ಪಾಟು ಮಾಡಿದ್ದೆ. ಎಲ್ಲರೂ ಅದನ್ನು ನನ್ನ ಒಳ್ಳೆಯತನ ಎಂದುಕೊಂಡರು.

ಮುಂದಿನ ವರ್ಷ ಸಾಫ್ಟ್‌ವೇರಿನವರೇ ಖಾತೆಗಳನ್ನೆಲ್ಲ ಜಾಲಾಡಿದರು. ಕಂಪನಿಯ ಎಲ್ಲ ಕಡೆಯೂ ಇಂಥ ತೊಂದರೆ ಆಗಿತ್ತಂತೆ, ಒಬ್ಬರಿಗೇ ಎರಡು ಖಾತೆ, ಒಂದು ಕ್ಯಾಪಿಟಲ್ ಅಕ್ಷರದ್ದು, ಒಂದು ಸಣ್ಣದು. ಇನ್ನು ಮುಂದೆ ಹೇಗೆ ಬರೆದರೂ ಒಂದೇ ಎಂದು ತೆಗೆದುಕೊಳ್ಳುವಂತೆ ಸರಿಪಡಿಸಿದ್ದೇವೆ, ಹಳೆಯ ಜೋಡಿ ಖಾತೆಗಳನ್ನು ಮಾತ್ರ ಆಯಾ ಇನ್‌ಚಾರ್ಜ್ ಸೇರಿಸಬೇಕು, ಎರಡೂ ನನ್ನವೇ ಎಂದು ಖಾತೆದಾರರಿಂದ ಸಹಿ ಪಡೆಯಬೇಕು ಎಂದು ಬರೆದರು. ನನಗೆ ಬಂದ ಪಟ್ಟಿಯಲ್ಲಿ, ನನ್ನ ಆ ಖಾಲಿ ಖಾತೆ ಬಿಟ್ಟರೆ, ಒಂದೇ ಹೆಸರಿತ್ತು.

ಅವಳನ್ನು ಕರೆಸಿದೆ. ಕ್ಯಾಪಿಟಲ್ ಖಾತೆಯಲ್ಲಿದ್ದದ್ದನ್ನೆಲ್ಲ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದೆ, ದಪ್ಪ ಕಟ್ಟಾಗಿತ್ತು. ಹೀಗೆ ಹೀಗೆ ಆಗಿತ್ತಂತೆ ಎಂದು ವಿವರಿಸಿದೆ. ಅವಳು ಒಂದೊಂದೇ ಹಾಳೆ ತಿರುವಿದಳು. ಮುಖ ಅರಳುತ್ತ ಹೋಯಿತು.

"ನೋಡು, ನೋಡು, ಎಲ್ಲಾ ಐತೆ. ಹಾಕಿದೀನಿ ಹಾಕಿದೀನಿ ಅಂತ ಬಡ್ಕಂಡೆ, ಒಬ್ರಾರ ನಂಬಿದ್ರಾ? ನಂಗೇ ಒಂದೊಂದ್ಸಲ ಅನುಮಾನ ಬಂದ್ಬುಟ್ಟಿತ್ತು ಕಣೇ, ನಾನೇ ಏನೋ ಮಂಕಾಗಿದೀನೇನೋ ಅಂತ." ಹಾಳೆಗಳನ್ನು ಎದೆಗೆ ಒತ್ತಿಕೊಂಡಳು. "ನಮ್ ಮ್ಯಾನೇಜರಿಗೆ ತೋರಿಸ್ತೀನಿ. ಮಗಳಿಗೂ ಹೇಳ್ತೀನಿ, ನಿಮ್ಮಮ್ಮ ಸುಳ್ಳು ಹೇಳಿರ್ಲಿಲ್ಲ ಅಂತ. ನೀನಾಗಿದ್ದಕ್ಕೆ ಹುಡುಕಿಕೊಟ್ಟೆ."

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಪಶ್ಚಾತ್ತಾಪ ತಡೆಯಲಾರದೆ ಹೇಳಿಬಿಟ್ಟೆ ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಕೆಲಸ ನನಗೆ ಸಿಕ್ಕಿತ್ತು, ಕ್ವಾರ್ಟರ್ಸ್ ಬೀಗ ನನ್ನ ಕೈಯಲ್ಲಿತ್ತು, ಅಷ್ಟಾದರೂ ಬರೀ ಕಾಗದದ ಕಟ್ಟು ಹಿಡಿದು ಅವಳು ನಗುತ್ತಿದ್ದಳು. ಇಷ್ಟೆಲ್ಲ ತೆಗೆದುಕೊಂಡರೂ ನನಗೆ ಬಾರದ ಆ ನಗು ಇವಳಿಗೆ ಯಾಕೆ ಬರಬೇಕು? ಅದನ್ನು ನೋಡಲಾರದೆ ಹೇಳಿದೆ.

"ನಂಗೆ ಮುಂಚೇನೇ ಗೊತ್ತಿತ್ತು ಕಣೇ."

"ಏನು?"

"ಹಿಂಗೆ ಎರಡು ಖಾತೆ ಆಗಿದಾವೆ ಅಂತ."

ಅವಳು ಇನ್ನೂ ಅರ್ಧ ನಗುತ್ತಲೇ ಇದ್ದಳು. "ಯಾವಾಗ?"

"ನಿಮ್ಮ ಎಸ್ಟೇಟಿಗೆ ಬಂದಿದ್ನಲ್ಲ, ಕುಯ್ಲಿನ ಟೈಮಲ್ಲಿ. ಅವತ್ತೇ."

ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ತುಟಿ ಮೆಲ್ಲಗೆ ಆಡುತ್ತಿತ್ತು. ತಿಂಗಳು ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ಅವಳು ಮಾತಾಡಿದ ಮೇಲೆ.

"ಕುಯ್ಲಲ್ಲಿ ಅಂದ್ರೆ, ಮಗಳಿನ್ನೂ ನನ್ ಜೊತೇಲೇ ಇದ್ಲು."

ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೆ. ಅವಳು ಆ ಪೆನ್ನು ತೆಗೆದುಕೊಂಡು, "ಎಲ್ಲಿ ಸೈನ್ ಹಾಕ್ಬೇಕು?" ಎಂದಳು. ತೋರಿಸಿದೆ. ಹಾಕಿದಳು. ಪೆನ್ನು ಮುಚ್ಚಿ ನನ್ನ ಕಡೆ ಸರಿಸಿ, ಚೀಲ ತೆಗೆದುಕೊಂಡು ಹೊರಟಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆಫೀಸಿನ ಹೆಂಚು ಹಾರಿಹೋಗುವಂತೆ ಕೂಗಾಡುತ್ತಿದ್ದೆ, ಹಾಳಾಗಿ ಹೋಗು ಎಂದು ಶಾಪ ಹಾಕುತ್ತಿದ್ದೆ. ಒಂದು ಬಿರುಸು ಮಾತೂ ಆಡದೆ ಎದ್ದು ಹೋಗುವುದೂ ಅವಳಿಗೇ ಬಂತು.

ಅವಳು ಹೋದ ಮೇಲೆ ಎರಡು ಖಾತೆಗಳನ್ನೂ ಸೇರಿಸಿ ಒಂದು ಮಾಡಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.